ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದ ವಿಜ್ಞಾನಿ

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಅದೇ ತಾರೀಖು ಯಾಕೆ ಅಂದ್ರೆ, ನಮ್ಮ ಜೀವಕೋಶಗಳಲ್ಲಿ ಕ್ರೋಮೋಸೋಮ್‌ಗಳು 23 ಜೊತೆ ಇರುತ್ತವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇದು ಎರಡರ ಬದಲು ಮೂರು. ಹಾಗಾಗಿ ಮೂರನೇ ತಿಂಗಳ 21. ಈ ಹೆಚ್ಚುವರಿ ಕ್ರೋಮೋಸೋಮನ್ನು ಜಗತ್ತಿಗೆ ತಿಳಿಸಿದ ಪ್ಯಾರಿಸ್‌ನ ತಂಡದಲ್ಲಿ ಜೆರೋಮ್ ಲೆಜೂನ್ ಅಂತ ಒಬ್ಬ ವೈದ್ಯರಿದ್ದರು. ಈ ವಾರ ಅವರ ಬಗ್ಗೆ ಬರೀಬೇಕು ಅನ್ನಿಸಿತು. ಕಾರಣ ಆಮೇಲೆ ಹೇಳ್ತೀನಿ.

ಲೆಜೂನ್ ಹುಟ್ಟಿದ್ದು 1926ರಲ್ಲಿ, ಪ್ಯಾರಿಸ್ ಪಕ್ಕದ ಮೊಂರೂಜ್‌ನಲ್ಲಿ. 1952ರಲ್ಲಿ ಡೆನ್ಮಾರ್ಕ್‌ನ ಬಿರ್ತೆ ಜೊತೆ ಮದುವೆ, ಐದು ಮಕ್ಕಳು. ಅಪ್ಪನ ಬಗ್ಗೆ ಮಗಳು ಕ್ಲಾರಾ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಪ್ರಪಂಚವೆಲ್ಲ ಸುತ್ತಿ ಭಾಷಣ ಮಾಡುತ್ತಿದ್ದ ಮನುಷ್ಯ, ಊರಲ್ಲಿದ್ದಾಗ ಮಾತ್ರ ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಿದ್ದರು. ಹೆಂಡತಿಯಿಂದ ದೂರ ಇದ್ದಾಗ ಅವರಿಗೆ ತಪ್ಪದೆ ಕಾಗದ ಬರೆಯುತ್ತಿದ್ದರು. ಆಫೀಸಿಂದ ಮನೆಗೆ 'ಲೇಟಾಗುತ್ತೆ' ಅಂತ ಒಂದೇ ಪದದ ಮೆಸೇಜ್ ಹಾಕುವ ನಮ್ಮಂಥವರು ಇದನ್ನು ಓದಿ ಸುಮ್ಮನೆ ಮುಂದೆ ಹೋಗೋದು ಒಳ್ಳೇದು.

ಆಗಿನ ಕಾಲಕ್ಕೆ ಡೌನ್ ಸಿಂಡ್ರೋಮ್ ಮಗು ಹುಟ್ಟಿದರೆ ಜನ ತಾಯಿ ತಂದೆಯನ್ನೇ ಅನುಮಾನದಿಂದ ನೋಡುತ್ತಿದ್ದರು. ಗುಹ್ಯರೋಗ ಇತ್ತೇನೋ, ಕುಡಿತ ಇತ್ತೇನೋ ಅಂತ. ಮಗುವಿಗೆ ಇಟ್ಟಿದ್ದ ಹೆಸರು 'ಮಂಗೋಲ್'. 1959ರ ಜನವರಿಯಲ್ಲಿ ಬಂದ ಎರಡು ಮೂರು ಪುಟದ ಪ್ರಬಂಧ ಇದಕ್ಕೆಲ್ಲ ಉತ್ತರ ಕೊಟ್ಟಿತು. ಇದು ಯಾರ ಪಾಪವೂ ಅಲ್ಲ, ಕೋಶ ವಿಭಜನೆ ಆಗುವಾಗ ಒಂದು ಕ್ರೋಮೋಸೋಮ್ ಬೇರ್ಪಡದೆ ಉಳಿದುಬಿಟ್ಟಿದೆ, ಅಷ್ಟೇ.

ಆದರೆ ಆ ಪ್ರಬಂಧದ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಅವರು ಮಾರ್ತ್ ಗೊತಿಯೆ. ಬಾಸ್ಟನ್‌ಗೆ ಹೋಗಿ ಜೀವಕೋಶ ಬೆಳೆಸುವ ವಿದ್ಯೆ ಕಲಿತು ಬಂದಿದ್ದವರು ಅವರು. ಪ್ಯಾರಿಸ್‌ನ ಟ್ರೂಸೋ ಆಸ್ಪತ್ರೆಯಲ್ಲಿ ಸರಿಯಾದ ಸಲಕರಣೆಯೂ ಇರಲಿಲ್ಲ. ಕೋಳಿ ಸಾಕಿ, ತಮ್ಮದೇ ರಕ್ತದ ಸೀರಮ್ ಬಳಸಿ ಕೋಶ ಬೆಳೆಸಿದರು. 47 ಕಂಡಿತು. ಫೋಟೋ ತೆಗೆಯುವಂಥ ಮೈಕ್ರೋಸ್ಕೋಪ್ ಅವರ ಹತ್ತಿರ ಇರಲಿಲ್ಲ, ಸ್ಲೈಡುಗಳನ್ನು ಲೆಜೂನ್ ತಗೊಂಡು ಹೋದರು. ಪ್ರಬಂಧದಲ್ಲಿ ಮೊದಲ ಹೆಸರು ಲೆಜೂನ್. ಎರಡನೆಯದು ಗೊತಿಯೆ, ಅದೂ ಕಾಗುಣಿತ ತಪ್ಪಾಗಿ! ಕೊನೆಗೆ ವಿಭಾಗದ ಮುಖ್ಯಸ್ಥ ರೆಮೋ ಟುರ್ಪಾಂ. ಕೀರ್ತಿಯೆಲ್ಲ ಒಬ್ಬರಿಗೇ ಹೋಯಿತು. ಈ ಶೋಧದಲ್ಲಿ ಲೆಜೂನ್ ಪಾತ್ರವೇ ಪ್ರಧಾನ ಆಗಿದ್ದಿರಲಾರದು ಅಂತ ಫ್ರಾನ್ಸ್‌ನ ವೈದ್ಯಕೀಯ ಸಂಶೋಧನಾ ಸಂಸ್ಥೆ ಇನ್ಸರ್ಮ್‌ನ ನೀತಿ ಸಮಿತಿ ಹೇಳಿದ್ದು 2014ರಲ್ಲಿ. ಗೊತಿಯೆ 2022ರಲ್ಲಿ ತೀರಿಕೊಂಡರು. ಕೋಡ್ ಬರೆದವರು ಒಬ್ಬರು, ಡೆಮೋ ಕೊಟ್ಟವರು ಇನ್ನೊಬ್ಬರು ಅನ್ನೋದು ನಮ್ಮ ಲೈನ್‌ನಲ್ಲಿ ಎಲ್ಲರಿಗೂ ಗೊತ್ತಿರೋ ನೋವು. ಲೆಜೂನ್‌ರನ್ನು ಹೊಗಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು.

ಇಷ್ಟು ಗೊತ್ತಾದ ಮೇಲೂ ಆ ಮನುಷ್ಯನ ಮೇಲೆ ನನಗೆ ಗೌರವ ಉಳಿದಿರೋದು ಆಮೇಲಿನ ಬದುಕಿಗೆ. ಹೆಸರು ಬಂದ ಮೇಲೆ ಲ್ಯಾಬ್‌ನಲ್ಲೇ ಇದ್ದುಬಿಡಬಹುದಿತ್ತು. ಅವರು ನೆಕ್ಕರ್ ಮಕ್ಕಳ ಆಸ್ಪತ್ರೆಯಲ್ಲಿ ಈ ಮಕ್ಕಳನ್ನೇ ನೋಡುತ್ತಾ ಕೂತರು. ಅಷ್ಟರಲ್ಲಿ ಗರ್ಭದ ನೀರನ್ನು ಪರೀಕ್ಷೆ ಮಾಡಿ, ಹುಟ್ಟುವ ಮೊದಲೇ 47 ಎಣಿಸುವ ವಿಧಾನ ಬಂತು. ಅವರ ಶೋಧವೇ ಅವರ ಮಕ್ಕಳನ್ನು ಹುಡುಕಿ ತೆಗೆಯುವ ಸಾಧನವಾಯಿತು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಳಿವಿಜ್ಞಾನದ ದೊಡ್ಡ ಪ್ರಶಸ್ತಿ, ವಿಲಿಯಂ ಆಲನ್ ಪ್ರಶಸ್ತಿ, ತಗೊಳ್ಳುವಾಗ ಅವರು ಇದನ್ನೇ ವಿರೋಧಿಸಿ ಮಾತಾಡಿದರು. ಸಭೆ ತಣ್ಣಗಾಯಿತು. ನೊಬೆಲ್ ಅವತ್ತೇ ಕೈತಪ್ಪಿತು ಅಂತ ಅವರೇ ಹೆಂಡತಿಗೆ ಹೇಳಿದರಂತೆ. 1975ರಲ್ಲಿ ಫ್ರಾನ್ಸ್ ಗರ್ಭಪಾತಕ್ಕೆ ಕಾನೂನು ಮಾಡಿದಾಗಲೂ ಅವರು ಎದುರು ನಿಂತರು. ಕ್ಯಾಥೊಲಿಕ್ ನಂಬಿಕೆ ಅವರಿಗೆ ಭಾನುವಾರದ ಚರ್ಚಿಗಷ್ಟೇ ಸೀಮಿತವಾಗಿರಲಿಲ್ಲ.

ಕಾನೂನಿನ ವಿಷಯದಲ್ಲಿ ನಾನು ಅವರ ಪಕ್ಷ ಅಲ್ಲ. ಹೆರುವವಳ ತೀರ್ಮಾನ ಹೆರುವವಳದ್ದು ಅಂತಲೇ ನನ್ನ ಅಭಿಪ್ರಾಯ. ಆದರೂ ಅವರು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹೋದ ವರ್ಷ ನನ್ನ ಹೆಂಡತಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಡಬಲ್ ಮಾರ್ಕರ್ ರಿಪೋರ್ಟ್ ಬಂತು. ಪಿಡಿಎಫ್‌ನಲ್ಲಿ ಕೆಂಪು ಅಕ್ಷರದಲ್ಲಿ 'ಹೈ ರಿಸ್ಕ್', 1:150. ನೂರೈವತ್ತು ಜನರಿಗೆ ಇಂಥದೇ ರಿಪೋರ್ಟ್ ಬಂದರೆ ಅದರಲ್ಲಿ ಒಬ್ಬರ ಮಗುವಿಗೆ ಇರಬಹುದು ಅಂತ ಇದರರ್ಥ. ಉಳಿದ 149 ಜನರಿಗೆ ಇಲ್ಲ. ಇದು ಬರೀ ಸೋಸುವ ಪರೀಕ್ಷೆ, ರೋಗ ಪತ್ತೆಯಲ್ಲ. ಸಂಖ್ಯೆ ಜೊತೆ ದಿನಾ ಕೆಲಸ ಮಾಡುವವನಾದರೂ ಇದು ತಲೆಗೆ ಇಳಿಯೋಕೆ ಎರಡು ದಿನ ಬೇಕಾಯಿತು. ಮುಂದಿನ ಪರೀಕ್ಷೆ ಏನು, ಗಡುವು ಯಾವಾಗ, ಖರ್ಚೆಷ್ಟು, ಎಲ್ಲ ಅಚ್ಚುಕಟ್ಟಾಗಿ ಹೇಳಿದರು. ಇಂಥ ಮಗು ಹುಟ್ಟಿದರೆ ಅದರ ಬದುಕು ಹೇಗಿರುತ್ತೆ ಅಂತ ಒಬ್ಬರೂ ಹೇಳಲಿಲ್ಲ. ರಾತ್ರಿ ಅವಳು ಕೇಳಿದಳು, "ಹೌದು ಅಂತ ಬಂದ್ರೆ ನೀನೇನ್ ಹೇಳ್ತೀಯ?"

ಮೊದಲು ನಿಂಗೇನ್ ಅನ್ಸುತ್ತೆ ಹೇಳು ಅಂದೆ. ಗೊತ್ತಿಲ್ಲ ಅಂದಳು. ನನಗೂ ಗೊತ್ತಿರಲಿಲ್ಲ. ಒಂಬತ್ತು ದಿನ ಹಾಗೇ ಕಳೆದೆವು. ಆಮೇಲೆ ಬಂದ ರಿಪೋರ್ಟ್ ನೋಡಿ 'ಎಲ್ಲ ಸರಿಯಿದೆ' ಅಂದರು. ಈಗ ಮಗಳಿಗೆ ಏಳು ತಿಂಗಳು. ಆ 'ಸರಿ' ಅನ್ನೋ ಪದ ಮಾತ್ರ ಇನ್ನೂ ಕಿವಿಯಲ್ಲಿದೆ. ಆ ಒಂಬತ್ತು ದಿನಗಳಲ್ಲೇ ನಾನು ಲೆಜೂನ್ ಬಗ್ಗೆ ಓದಿದ್ದು.

ಆಗ ತಿಳಿದ ಇನ್ನೊಂದು ವಿಷಯ ಇದು. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಅಮೆರಿಕದಲ್ಲಿ 1983ರಲ್ಲಿ ಸುಮಾರು 25 ವರ್ಷ ಇದ್ದದ್ದು ಈಗ ಸುಮಾರು 60. ಲೆಜೂನ್ ಕೊನೇವರೆಗೂ ಹುಡುಕಿದ ಔಷಧಿ ಸಿಗಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆ, ಮನೆಯಲ್ಲೇ ಇಟ್ಟುಕೊಂಡು ಬೆಳೆಸುವುದು, ಶಾಲೆಗೆ ಕಳಿಸುವುದು, ಇವೇ ಹೆಚ್ಚು ಕೆಲಸ ಮಾಡಿದವು.

ಲೆಜೂನ್ 1994ರ ಏಪ್ರಿಲ್ 3ರಂದು, ಈಸ್ಟರ್ ಭಾನುವಾರ, ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಪೋಪ್ ಎರಡನೇ ಜಾನ್ ಪಾಲ್ 1997ರಲ್ಲಿ ಪ್ಯಾರಿಸ್‌ಗೆ ಬಂದಾಗ, ಶಾಲೊ-ಸಾಂ-ಮಾರ್ ಹಳ್ಳಿಯಲ್ಲಿರುವ ಅವರ ಸಮಾಧಿಗೂ ಹೋಗಿದ್ದರು. 2021ರಲ್ಲಿ ಚರ್ಚ್ ಅವರನ್ನು 'ಪೂಜ್ಯ' ಅಂತ ಘೋಷಿಸಿತು. ನನಗೆ ಇದಕ್ಕಿಂತ ಹೆಚ್ಚು ನೆನಪಿರೋದು ನೊತ್ರ್ ದಾಮ್‌ನಲ್ಲಿ ನಡೆದ ಅವರ ಅಂತ್ಯಕ್ರಿಯೆಯ ಪೂಜೆ. ಡೌನ್ ಸಿಂಡ್ರೋಮ್ ಇದ್ದ ಒಬ್ಬ ವ್ಯಕ್ತಿ, ಅವರದೇ ಹಳೆಯ ರೋಗಿ, ಮೈಕ್ ಹತ್ತಿರ ಬಂದು ಎಲ್ಲರ ಮುಂದೆ ತನ್ನ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಹೋದನಂತೆ.