ಸಹಿ ಹಾಕುವ ಮುನ್ನ ನೋಟಿಫಿಕೇಶನ್ ಓದಿದ ಹಾಗೆ ಓದೋಣ

ಸಪ್ತಾಪುರದ ನಮ್ಮ ಪಿಜಿಯಲ್ಲಿ ಒಂದು ಕೋಣೆಗೆ ಮೂವರು. ನಾನು ಬಿಇ ವಿದ್ಯಾರ್ಥಿ. ಒಬ್ಬ ಪದವಿ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ. ಇನ್ನೊಬ್ಬ ಎಫ್‌ಡಿಎ, ಎಸ್‌ಡಿಎ, ರೈಲ್ವೆ, ಬ್ಯಾಂಕು ಯಾವುದು ಕರೆದರೂ ಅರ್ಜಿ ಹಾಕುವವನು. ಹೋದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಬಂದಾಗ ಪಿಎಸ್‌ಐ ಗೆಳೆಯ ಮೊಬೈಲ್ ನನ್ನ ಮುಂದೆ ಹಿಡಿದ. ಯಾವುದೋ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ ಮೆಸೇಜು. 18ರಿಂದ 45 ವರ್ಷದ ಆರೋಗ್ಯವಂತ ಪುರುಷರು ಬೇಕು, ಬೆಂಗಳೂರಿನಲ್ಲಿ ನಾಲ್ಕು ದಿನ ಇರಬೇಕು, ಊಟ ವಸತಿ ಉಚಿತ, ಕೊನೆಗೆ ಹಣ. ಆ ಹಣ ನಮ್ಮ ಪಿಜಿಯ ಎರಡು ತಿಂಗಳ ಬಾಡಿಗೆಗೆ ಸರಿಹೋಗುವಷ್ಟಿತ್ತು.

"ನಾಲ್ಕು ದಿನ ಮಲಗಿದ್ರೆ ಸಾಕಂತೆ ಮಾರಾಯ. ಹೋಗಿ ಬರ್ಲಾ?" ಎಂದ. ಅವನದು ಸಿದ್ದಾಪುರದ ಕಡೆ. ಮೂರನೆಯವನು ಪುಸ್ತಕದಿಂದ ತಲೆ ಎತ್ತದೆಯೇ, "ನಿನ್ನ ಇಲಿ ಮಾಡ್ತಾರಲೇ ಅಲ್ಲೆ. ಹೋಗಬ್ಯಾಡ" ಎಂದ. ಇಬ್ಬರೂ ನನ್ನ ಕಡೆ ನೋಡಿದರು. ಎಂಜಿನಿಯರಿಂಗ್ ಓದುವವನಿಗೆ ಎಲ್ಲಾ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಪಿಜಿಯಲ್ಲಿ ಇನ್ನೂ ಉಳಿದಿದೆ. ನನಗೆ ಗೊತ್ತಿರಲಿಲ್ಲ. ಎರಡು ವಾರ ಹುಡುಕಿ ಹುಡುಕಿ ಓದಿದೆ. ಹಣ ಸಿಗುತ್ತದೆ ಎಂದು ಬಸ್ ಹತ್ತುವುದೂ ತಪ್ಪು, ಇಲಿ ಮಾಡುತ್ತಾರೆ ಎಂದು ಕೈಮುಗಿಯುವುದೂ ತಪ್ಪು ಎಂದು ಈಗ ಅನ್ನಿಸುತ್ತಿದೆ.

ಮೊದಲು ಆ ಮೆಸೇಜಿನ ವಿಷಯ. ಅದು ಹೊಸ ಔಷಧದ ಪ್ರಯೋಗ ಆಗಿರಲಿಲ್ಲ, ಬಯೋ ಈಕ್ವಿವೇಲೆನ್ಸ್ ಅಧ್ಯಯನ. ಒಂದು ಕಂಪನಿಯ ಮಾತ್ರೆಯನ್ನು ಇನ್ನೊಂದು ಕಂಪನಿ ತಯಾರಿಸಿದಾಗ ಎರಡೂ ರಕ್ತಕ್ಕೆ ಒಂದೇ ಪ್ರಮಾಣದಲ್ಲಿ, ಒಂದೇ ವೇಗದಲ್ಲಿ ಸೇರುತ್ತವೆಯೇ ಎಂದು ನೋಡುವ ಪರೀಕ್ಷೆ. ಕೈಗೆ ಸೂಜಿ ಚುಚ್ಚಿ ಇಟ್ಟು ಹೊತ್ತುಹೊತ್ತಿಗೆ ರಕ್ತ ತೆಗೆಯುತ್ತಾರೆ, ಕೆಲವು ದಿನ ಬಿಟ್ಟು ಇನ್ನೊಂದು ಮಾತ್ರೆ ಕೊಟ್ಟು ಮತ್ತೆ ಅದೇ ಕ್ರಮ. ಜನೌಷಧಿ ಅಂಗಡಿಯಲ್ಲಿ ನಮ್ಮ ಅಪ್ಪಂದಿರು ಕಡಿಮೆ ಬೆಲೆಗೆ ತರುವಂಥ ಎಷ್ಟೋ ಜೆನರಿಕ್ ಮಾತ್ರೆಗಳ ಹಿಂದೆ ಇಂಥ ಪರೀಕ್ಷೆಗಳಿವೆ. ಇದರ ಚುಟುಕು ಹೆಸರೂ ಬಿಇ. ನಾಲ್ಕು ವರ್ಷ ನಾವು ದುಡ್ಡು ಕೊಡುವ ಬಿಇ ಒಂದು, ನಾಲ್ಕು ದಿನಕ್ಕೆ ನಮಗೇ ದುಡ್ಡು ಕೊಡುವ ಬಿಇ ಇನ್ನೊಂದು.

ಇನ್ನು 'ಇಲಿ ಮಾಡ್ತಾರೆ' ಎಂಬ ಮಾತು. ಮನುಷ್ಯರ ಮೇಲೆ ಪ್ರಯೋಗ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. 2020ರಲ್ಲಿ ನಾನು ಹೈಸ್ಕೂಲು. ಕೋವಿಡ್‌ನಿಂದ ಗುಣವಾದವರ ಪ್ಲಾಸ್ಮಾ ಕೊಟ್ಟರೆ ಇನ್ನೊಬ್ಬ ರೋಗಿ ಬದುಕುತ್ತಾನೆ ಎಂದು ಎಲ್ಲೆಡೆ ಸುದ್ದಿ. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಪ್ಲಾಸ್ಮಾ ಪಡೆದ ರೋಗಿ ಗುಣವಾದಾಗ ನಮ್ಮೂರ ಕಟ್ಟೆಯ ಮೇಲೂ ಅದೇ ಮಾತು. ಮುಂದೆ ಪ್ಲಾಸ್ಮಾಕ್ಕಾಗಿ ದೇಶದ ತುಂಬ ಜನ ಫೋನ್ ಹಿಡಿದು ಅಂಗಲಾಚಿದರು. ಅದೇ ಹೊತ್ತಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 39 ಆಸ್ಪತ್ರೆಗಳ 464 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದಕ್ಕೆ ಪ್ಲಾಸ್ಮಾ ಕೊಟ್ಟಿತು, ಇನ್ನೊಂದಕ್ಕೆ ಕೊಡಲಿಲ್ಲ. ಉಳಿದ ಚಿಕಿತ್ಸೆ ಇಬ್ಬರಿಗೂ ಇತ್ತು. ಸ್ಥಿತಿ ಗಂಭೀರವಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. ವ್ಯತ್ಯಾಸವೇ ಇಲ್ಲ. 2021ರ ಮೇ ತಿಂಗಳಲ್ಲಿ ಪ್ಲಾಸ್ಮಾವನ್ನು ಚಿಕಿತ್ಸಾ ಮಾರ್ಗಸೂಚಿಯಿಂದ ತೆಗೆದರು. ಹುಬ್ಬಳ್ಳಿಯ ರೋಗಿ ಗುಣವಾದದ್ದು ನಿಜವೇ. ಆದರೆ ಪ್ಲಾಸ್ಮಾದಿಂದಲೇ ಗುಣವಾದರೋ ಎಂಬುದು ಒಬ್ಬರನ್ನು ನೋಡಿ ಹೇಳುವ ಮಾತಲ್ಲ.

ನನ್ನೂರು ಬೈಲಹೊಂಗಲ ತಾಲ್ಲೂಕಿನಲ್ಲಿದೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಜಗತ್ತು ಉಲ್ಲೇಖಿಸುವ ಒಂದು ಪ್ರಯೋಗ ನಡೆದಿತ್ತು ಎಂದು ತಿಳಿದದ್ದು ಈ ಹುಡುಕಾಟದಲ್ಲಿ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ತಾಯಂದಿರು ಸಾಯುವುದು ಆಗಿನ ಹಳ್ಳಿಗಳ ದೊಡ್ಡ ಭಯ. ಚುಚ್ಚುಮದ್ದು ಇಡಲು ಫ್ರಿಜ್ ಬೇಕು, ಕೊಡಲು ತರಬೇತಿ ಬೇಕು. ಅದರ ಬದಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಸಾಕೇ? 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳ 1,620 ಗರ್ಭಿಣಿಯರೊಂದಿಗೆ ಇದನ್ನು ಪರೀಕ್ಷಿಸಿದರು. ಹೆರಿಗೆ ಮನೆಯಲ್ಲಿ ಇಲ್ಲವೇ ಉಪಕೇಂದ್ರದಲ್ಲಿ, ಮಾಡಿಸಿದವರು ಎಎನ್‌ಎಂ ಸಿಸ್ಟರುಗಳು. 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ಸಿಸ್ಟರಿಗೂ ಗೊತ್ತಿಲ್ಲ. ಫಲಿತಾಂಶ 2006ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉದ್ದೇಶಕ್ಕೆ ಆ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾ ಲಗ್ನ ಆಗಿ ಬಂದ ವರ್ಷನ ನಿಮ್ಮ ಚಿಗವ್ವ ಹಂಗ ರಕ್ತ ಹೋಗಿ ಸತ್ತಳಪಾ. ಗುಳಿಗಿ ಇತ್ತಂದ್ರ..." ಎಂದಳು. ಚಿಗವ್ವನ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಆ 808 ಹೆಂಗಸರನ್ನು ನೆನೆದರೆ ಕಸಿವಿಸಿಯಾಗುವುದೂ ನಿಜ. ಅವರಲ್ಲಿ ಕೆಲವರಿಗೆ ರಕ್ತಸ್ರಾವ ಆಯಿತು ಎಂಬುದರಿಂದಲೇ ಈ ಗುಳಿಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದದ್ದು. ಇಂಥ ಋಣ ತೆಗೆದುಕೊಳ್ಳುವಾಗ ಕೊಡುವವರಿಗೆ ತಾವು ಏನು ಕೊಡುತ್ತಿದ್ದೇವೆ ಎಂದು ಪೂರ್ತಿ ತಿಳಿದಿರಬೇಕು. ಒಪ್ಪಿಗೆ ಪತ್ರ ಎಂಬುದು ಇರುವುದು ಅದಕ್ಕೆ.

ಅದು ತಪ್ಪಿದ ಕಡೆಯೂ ಇದೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸುಮಾರು 24 ಸಾವಿರ ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಟ್ಟು ಅಧ್ಯಯನ ಮಾಡಲಾಯಿತು. ಏಳು ಬಾಲಕಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು, ಲಸಿಕೆ ಇವತ್ತು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಆದರೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದಾಗ ಎಷ್ಟೋ ಕಡೆ ಅಪ್ಪ ಅವ್ವನ ಸಹಿ ಇರಲಿಲ್ಲ, ಹಾಸ್ಟೆಲ್ ವಾರ್ಡನ್ನು, ಹೆಡ್‌ಮಾಸ್ಟರು ಸಾಲಾಗಿ ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಹಾಸ್ಟೆಲ್ ಎಂಬ ಪದ ಓದಿದಾಗ ನಾನು ಸ್ವಲ್ಪ ನಿಂತೆ. ನಮ್ಮ ಪರವಾಗಿ ಇನ್ನೊಬ್ಬರು ಸಹಿ ಹಾಕಿಬಿಡುವ ಜಾಗಗಳಲ್ಲೇ ನಾವು ಬೆಳೆದವರು.

ಈಗ ನಿಯಮ ಬಿಗಿಯಾಗಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ನೈತಿಕ ಸಮಿತಿ ಒಪ್ಪದೆ ಯಾವ ಪ್ರಯೋಗವೂ ಶುರುವಾಗುವಂತಿಲ್ಲ. ಸಮಿತಿಯಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟು ಹೊರಗಿನವರು, ಕಾನೂನು ಬಲ್ಲವರು, ಮಹಿಳೆ, ಜೊತೆಗೆ ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ವ್ಯಕ್ತಿ ಒಬ್ಬರು. ಯಾವ ಘಟ್ಟದಲ್ಲಾದರೂ ಕಾರಣ ಹೇಳದೆ ಎದ್ದು ಬರುವ ಹಕ್ಕು ನಮ್ಮದು. ತೊಂದರೆಯಾದರೆ ಉಚಿತ ಚಿಕಿತ್ಸೆ, ಪ್ರಯೋಗವೇ ಕಾರಣ ಎಂದು ತೀರ್ಮಾನವಾದರೆ ಪರಿಹಾರ.

ಪರಿಹಾರಕ್ಕೆ ಒಂದು ಸೂತ್ರವೇ ಇದೆ, ಎಂಜಿನಿಯರಿಂಗ್ ಹುಡುಗನಿಗೆ ಅದು ಕಂಡ ಮೇಲೆ ಬಿಡಲು ಆಗುತ್ತದೆಯೇ? ಸಾವು ಸಂಭವಿಸಿದರೆ 8 ಲಕ್ಷವನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. 20 ವರ್ಷದವನ ವಯಸ್ಸಿನ ಅಂಶ 224. ಅಪಾಯದ ಅಂಶ ಕೆಲವೇ ತಿಂಗಳು ಬದುಕುವ ರೋಗಿಗೆ ಅರ್ಧ, ಪೂರ್ಣ ಆರೋಗ್ಯವಂತನಿಗೆ 4. ಕ್ಯಾಲ್ಕುಲೇಟರ್ ಒತ್ತಿದರೆ ಸುಮಾರು 72 ಲಕ್ಷ. ಗೆಳೆಯನಿಗೆ ತೋರಿಸಿದೆ. "ನಮ್ಮ ಅಪ್ಪಂಗೆ ಹೇಳ್ಬೇಡ, ಇವತ್ತೇ ಬಸ್ ಹತ್ತಿಸ್ತಾರೆ" ಎಂದ. ನಕ್ಕೆವು. ಆದರೆ ಆ ನಾಲ್ಕು ಎಂಬ ಅಂಕಿಯಲ್ಲಿ ವಿಷಯವಿದೆ. ರೋಗಿಗೆ ಔಷಧದಿಂದ ಗುಣವಾಗುವ ಆಸೆಯಾದರೂ ಇರುತ್ತದೆ. ಆರೋಗ್ಯವಂತ ಹುಡುಗನಿಗೆ ದೇಹದ ಮಟ್ಟಿಗೆ ಬರುವ ಲಾಭ ಏನೂ ಇಲ್ಲ, ಹೋಗುವುದಿದ್ದರೆ ಎಲ್ಲವೂ ಅವನದೇ.

ಆ ಮೆಸೇಜಿನ ನಂಬರಿಗೆ ಗೆಳೆಯ ಫೋನ್ ಮಾಡಿದ, ಸ್ಪೀಕರಿನಲ್ಲಿ ನಾವೂ ಕೇಳಿದೆವು. ಯಾವ ಮಾತ್ರೆ? "ಅಲ್ಲಿ ಹೇಳ್ತಾರೆ." ಒಪ್ಪಿಗೆ ಪತ್ರ ಮೊದಲೇ ಕಳಿಸ್ತೀರಾ? "ಸಹಿ ಎಲ್ಲ ಅಲ್ಲೇ, ನೀನು ಬಸ್ ಹತ್ತು." ಕೊನೆಗೆ ತಾನಾಗಿಯೇ ಒಂದು ಸಲಹೆ ಕೊಟ್ಟ: ಕಳೆದ ಮೂರು ತಿಂಗಳಲ್ಲಿ ಬೇರೆ ಕಡೆ ಹೋಗಿದ್ದರೂ ಹೇಳಬೇಡ. ಒಂದು ಅಧ್ಯಯನ ಮುಗಿಸಿದವರನ್ನು ಸಾಮಾನ್ಯವಾಗಿ ಮೂರು ತಿಂಗಳು ಇನ್ನೊಂದಕ್ಕೆ ತೆಗೆದುಕೊಳ್ಳುವುದಿಲ್ಲ. ದೇಹದಲ್ಲಿ ಉಳಿದ ಔಷಧ, ಹೋದ ರಕ್ತ ಎರಡೂ ಲೆಕ್ಕಕ್ಕೆ ಬರುತ್ತವೆ. ಸುಳ್ಳು ಹೇಳಿ ಸೇರಿದರೆ ಹುಡುಗನ ಆರೋಗ್ಯವೂ ಕೆಡುತ್ತದೆ, ಪರೀಕ್ಷೆಯ ಅಂಕಿಯೂ ಕೆಡುತ್ತದೆ. ಆ ಅಂಕಿ ನಂಬಿ ಮಾತ್ರೆ ನುಂಗುವವರು ನಮ್ಮ ಮನೆಯವರೇ. ಗೆಳೆಯ ಹೋಗಲಿಲ್ಲ. ಎರಡು ತಿಂಗಳ ಬಾಡಿಗೆಯ ಚಿಂತೆ ಹಾಗೇ ಇದೆ, ಅದನ್ನೂ ಹೇಳಬೇಕು.

ಸಪ್ತಾಪುರದ ನಮಗೆ ಇಂಥದ್ದನ್ನು ಓದುವ ತರಬೇತಿ ಬೇರೆಯವರಿಗಿಂತ ಹೆಚ್ಚೇ ಇದೆ. ಕೆಪಿಎಸ್‌ಸಿ ನೋಟಿಫಿಕೇಶನ್ ಬಂದರೆ ವಯೋಮಿತಿ, ಮೀಸಲಾತಿ, ಕೊನೆಯ ದಿನಾಂಕ, ಅಡಿಟಿಪ್ಪಣಿಯಲ್ಲಿರುವ ತಿದ್ದುಪಡಿ ಎಲ್ಲವನ್ನೂ ಪೆನ್ನು ಹಿಡಿದು ಓದುತ್ತೇವೆ. ಕ್ಲಿನಿಕಲ್ ಟ್ರಯಲ್‌ಗೂ ಅಂಥದ್ದೇ ಒಂದು ನೋಟಿಫಿಕೇಶನ್ ಇದೆ. ಐಸಿಎಂಆರ್ 2007ರಲ್ಲಿ ಶುರು ಮಾಡಿದ ಸಿಟಿಆರ್‌ಐ ಎಂಬ ನೋಂದಣಿ ತಾಣದಲ್ಲಿ ಟ್ರಯಲ್‌ಗಳನ್ನು ದಾಖಲಿಸುವುದು 2009ರಿಂದ ಕಡ್ಡಾಯ. ಇನ್ನೂ ಶುರುವಾಗದ ಪ್ರಯೋಗಗಳೂ ಅಲ್ಲಿ ಸಿಗುತ್ತವೆ. ಯಾವ ಔಷಧ, ಎಷ್ಟನೇ ಹಂತ, ಹಣ ಹಾಕುವವರು ಯಾರು, ಯಾವ ಆಸ್ಪತ್ರೆ, ಹೊಣೆಗಾರ ವೈದ್ಯರು ಯಾರು, ನೈತಿಕ ಸಮಿತಿ ಒಪ್ಪಿದೆಯೇ, ಯಾರು ಅರ್ಹರು, ಯಾರು ಅಲ್ಲ, ಎಷ್ಟು ಜನ ಬೇಕು ಎಲ್ಲವೂ ಇದೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಒಂದೇ ತೊಡಕು, ಪೂರ್ತಿ ಇಂಗ್ಲಿಷ್. ಬೈಲಹೊಂಗಲದ ರೈತನಿಗೋ ಹುಬ್ಬಳ್ಳಿಯ ಕೂಲಿ ಹೆಣ್ಣುಮಗಳಿಗೋ ಇದರಿಂದ ಏನು ಉಪಯೋಗ? ಕರ್ನಾಟಕದ ಆಸ್ಪತ್ರೆಗಳಲ್ಲಿ ನಡೆಯುವ ಪ್ರಯೋಗಗಳ ಈ ವಿವರವಾದರೂ ಕನ್ನಡದಲ್ಲಿ ಸಿಗಬೇಕು. ಮುಗಿದ ಮೇಲೆ ಏನು ತಿಳಿಯಿತು ಎಂದು ಭಾಗವಹಿಸಿದವರಿಗೆ ಒಂದು ಪುಟದ ಕಾಗದವನ್ನಾದರೂ ಕಳಿಸಬೇಕು. ಪರೀಕ್ಷೆ ಬರೆದವನಿಗೆ ರಿಸಲ್ಟ್ ಕೊಡದೆ ಇರುವುದನ್ನು ನಾವು ಒಪ್ಪುತ್ತೇವೆಯೇ?

ಒಪ್ಪಿಗೆ ಪತ್ರದ ಕನ್ನಡವೂ ಸುಧಾರಿಸಬೇಕು. ನಾನು ಓದಿದ ಒಂದು ನಮೂನೆಯಲ್ಲಿ 'ಯಾದೃಚ್ಛಿಕ ನಿಯೋಜನೆ' ಎಂದಿತ್ತು. ಚೀಟಿ ಎತ್ತಿ ಗುಂಪು ಮಾಡುತ್ತೇವೆ ಎಂದರೆ ನಮ್ಮ ಅವ್ವನಿಗೂ ತಿಳಿಯುತ್ತದೆ.

ಈ ವಿಷಯ ಎಂಜಿನಿಯರಿಂಗ್ ಓದುವವರಿಗೂ ಬಂದು ಮುಟ್ಟುತ್ತದೆ. ನಮ್ಮ ಕ್ಲಾಸಿನ ಒಂದು ತಂಡ ಕಣ್ಣುರೆಪ್ಪೆಯ ಫೋಟೊ ನೋಡಿ ರಕ್ತಹೀನತೆ ಹೇಳುವ ಆ್ಯಪ್ ಮಾಡಿದೆ. ಹನ್ನೆರಡು ಸಹಪಾಠಿಗಳ ಮೇಲೆ ನೋಡಿ 'ನಿಖರತೆ ಶೇ 95' ಎಂದು ಪೋಸ್ಟರಿನಲ್ಲಿ ಬರೆದರು. ಹನ್ನೆರಡು ಜನರಲ್ಲಿ ಶೇ 95 ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಶೇ 95 ನಿಜವೇ ಇರಲಿ. ಸಾವಿರ ಜನರಲ್ಲಿ ಹತ್ತು ಮಂದಿಗೆ ಇರುವ ರೋಗಕ್ಕೆ ಅಂಥ ಟೆಸ್ಟ್ ಮಾಡಿದರೆ ಹತ್ತರಲ್ಲಿ ಒಂಬತ್ತೋ ಹತ್ತೋ ಸಿಗುತ್ತಾರೆ, ಜೊತೆಗೆ ಆರೋಗ್ಯವಾಗಿರುವ ಐವತ್ತು ಜನರಿಗೆ ರೋಗವಿದೆ ಎಂದು ಹೇಳಿ ಕಳಿಸಿರುತ್ತೇವೆ. ಹೊಸ ರೋಗಪತ್ತೆ ಪರೀಕ್ಷೆಗಳನ್ನೂ ಜನರ ಮೇಲೆ ಪರೀಕ್ಷಿಸಿ ತೋರಿಸಬೇಕು ಎಂದು 2017ರ ವೈದ್ಯಕೀಯ ಸಾಧನಗಳ ನಿಯಮಗಳು ಹೇಳುವುದು ಇದಕ್ಕೇ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಕ್ಷಯ ಪತ್ತೆಯ ಟ್ರೂನ್ಯಾಟ್ ಯಂತ್ರ ಅಂಥ ಪರೀಕ್ಷೆಗಳನ್ನು ದಾಟಿದ ಮೇಲೆಯೇ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆದದ್ದು.

ಮೊನ್ನೆ ಭಾನುವಾರ ಇದನ್ನೆಲ್ಲ ಕೋಣೆಯಲ್ಲಿ ಹೇಳುತ್ತಿದ್ದಾಗ ಮಾತು ಮಂಗನ ಕಾಯಿಲೆಯತ್ತ ಹೊರಳಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಸಿದ್ದಾಪುರದ ಹಳ್ಳಿಗಳನ್ನೂ ಬಿಟ್ಟಿಲ್ಲ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ನಿಂತುಹೋಗಿದೆ. ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡುತ್ತಿವೆ, ಪ್ರಾಣಿಗಳ ಮೇಲಿನ ಪರೀಕ್ಷೆಯ ನಂತರದ್ದು ಮನುಷ್ಯರ ಮೇಲಿನ ಪ್ರಯೋಗ. ಮೊದಲ ಹಂತಕ್ಕೆ ಬೇಕಾಗುವವರು ಆರೋಗ್ಯವಂತರೇ, ಆಮೇಲೆ ಕಾಡಿನ ಅಂಚಿನ ಊರಿನವರು.

ಗೆಳೆಯ ಸುಮ್ಮನೆ ಕೇಳುತ್ತಿದ್ದ. ಅವನ ಅತ್ತೆಗೆ ಒಂದು ಬೇಸಿಗೆಯಲ್ಲಿ ಈ ಜ್ವರ ಬಂದು ತಿಂಗಳುಗಟ್ಟಲೆ ಏಳಲಾಗಿರಲಿಲ್ಲ. ಕೊಟ್ಟಿಗೆಗೆ ಒಣ ಎಲೆ ತರಲು ಕಾಡಿಗೆ ಹೋದವರು ಉಣುಗು ಕಚ್ಚಿಸಿಕೊಂಡು ಬಂದಿದ್ದರು.

"ಅದ್ರದ್ದು ನಮ್ಮ ಕಡೆ ಬಂದ್ರೆ ನಾ ಹೋಗ್ತೆ" ಎಂದ.

"ರೊಕ್ಕ ಎಷ್ಟ ಕೊಡ್ತಾರಂತ ಕೇಳಲೇ ಇಲ್ಲಲ್ಲೋ" ಎಂದ ಮೂರನೆಯವನು.

"ಮೊದ್ಲು ಫಾರಂ ತರ್ಲಿ. ಓದ್ತೆ."