ಲಿನಕ್ಸ್‌ಗೆ ವೈಫೈ ಬರಲ್ವಂತೆ!

“ಲಿನಕ್ಸ್ ಹಾಕಿದ್ರೆ ವೈಫೈ ಹೋಗ್ಬಿಡತ್ತೆ ಗುರೂ, ಸುಮ್ನೆ ಯಾಕೆ ತಲೆನೋವು?” ಬೆಂಗಳೂರಿನ ಯಾವ ಐಟಿ ಆಫೀಸಿನ ಕ್ಯಾಂಟೀನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳತ್ತೆ. ಹೇಳೋರು ದಡ್ಡರೇನಲ್ಲ. ದಿನಾ ಲಿನಕ್ಸ್ ಸರ್ವರ್‌ಗಳಿಗೇ ಕೋಡ್ ತಳ್ಳೋರು. ಅವರ ಜೇಬಲ್ಲಿರೋ ಆಂಡ್ರಾಯ್ಡ್ ಫೋನಿನ ಒಳಗಿರೋದು ಲಿನಕ್ಸ್ ಕರ್ನೆಲ್. ಮನೆಯ ವೈಫೈ ರೂಟರ್ ಬಿಚ್ಚಿ ನೋಡಿದ್ರೂ ಹೆಚ್ಚಿನವುಗಳಲ್ಲಿ ಅದೇ. ಫೋನು ವೈಫೈ ಹಿಡಿಯತ್ತೆ, ರೂಟರು ವೈಫೈ ಕೊಡತ್ತೆ, ಲ್ಯಾಪ್‌ಟಾಪಿಗೆ ಬಂದಾಗ ಮಾತ್ರ ಲಿನಕ್ಸ್‌ಗೆ ವೈಫೈ ಗೊತ್ತಿಲ್ಲ ಅಂದ್ರೆ ನಂಬೋಕಾಗತ್ತಾ?

ನನ್ನ ವಾದ ಸರಳ. ಲ್ಯಾಪ್‌ಟಾಪಿನ ವೈಫೈ ಕೈಕೊಟ್ಟಾಗ ನಾವು ಬೈಯೋದು, ನಮಗೆ ಸತ್ಯ ಹೇಳ್ತಾ ಇರೋ ಒಬ್ಬನೇ ಒಬ್ಬ ಸಾಕ್ಷಿಯನ್ನ. ಬಾಯಿ ಮುಚ್ಚಿಕೊಂಡು ಕೂತಿರೋ ಚಿಪ್ ಕಂಪನಿ, ಲ್ಯಾಪ್‌ಟಾಪ್ ಕಂಪನಿಗಳನ್ನ ಯಾರೂ ಒಂದು ಮಾತೂ ಕೇಳಲ್ಲ.

ಸಾಕ್ಷಿ ಏನು ಹೇಳತ್ತೆ ಅಂತ ಕೇಳೋಣ ಬನ್ನಿ, ಹತ್ತು ನಿಮಿಷದ ಕೆಲಸ. ಟರ್ಮಿನಲ್ ತೆಗೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಅಂತ ಹೊಡೀರಿ. ‘ಹಾರ್ಡ್ ಬ್ಲಾಕ್ಡ್: ಯೆಸ್’ ಅಂತ ಬಂದ್ರೆ ಮೊದಲು ಲ್ಯಾಪ್‌ಟಾಪಿನ ಅಂಚಲ್ಲೋ ಕೀಬೋರ್ಡಲ್ಲೋ ಇರೋ ವೈಫೈ ಸ್ವಿಚ್ ನೋಡಿ. ಅದು ಸರಿ ಇದ್ರೆ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಡಿ. ಕಾರ್ಡಿನ ಹೆಸರು, ಪಕ್ಕದಲ್ಲಿ ಎರಡು ಸಂಖ್ಯೆ, ಕೆಳಗೆ ಅದನ್ನ ನಡೆಸ್ತಿರೋ ಡ್ರೈವರ್ ಹೆಸರು ಸಿಗತ್ತೆ. ಮೊದಲ ಸಂಖ್ಯೆ ಚಿಪ್ ಮಾಡಿದವರ ಕುಲಗೋತ್ರ: 8086 ಅಂದ್ರೆ ಇಂಟೆಲ್ (1978ರ ಅವರ ಪ್ರೊಸೆಸರಿನ ಹೆಸರೂ ಇದೇ), 14ಇ4 ಅಂದ್ರೆ ಬ್ರಾಡ್‌ಕಾಮ್, 10ಇಸಿ ರಿಯಲ್‌ಟೆಕ್, 168ಸಿ ಅಥೆರಾಸ್. ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಅನ್ನೋ ಸಾಲೇ ಇಲ್ಲದಿದ್ರೆ ಆ ಕಾರ್ಡನ್ನ ಯಾವ ಡ್ರೈವರೂ ಹಿಡಿದುಕೊಂಡಿಲ್ಲ ಅಂತ ಅರ್ಥ. ಡ್ರೈವರ್ ಇದ್ದೂ ವೈಫೈ ಇಲ್ಲ ಅಂದ್ರೆ ‘ಡಿಮೆಸ್ಗ್’ ಓದಿ. ಇಂಥಾ ಫರ್ಮ್‌ವೇರ್ ಫೈಲ್ ತೆಗೀಲಿಕ್ಕೆ ಹೋದೆ, ಆಗಲಿಲ್ಲ, ಎರರ್ -2 ಅಂತ ಫೈಲಿನ ಹೆಸರು ಸಮೇತ ಬರೆದಿರತ್ತೆ. ಎರರ್ -2 ಅಂದ್ರೆ ‘ಅಂಥ ಫೈಲೇ ಇಲ್ಲ’ ಅಂತ. ರೋಗದ ಹೆಸರನ್ನೂ ಬೇಕಾದ ಔಷಧಿಯ ಹೆಸರನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟ ಹಾಗೆ. “ಏನೋ ತೊಂದರೆಯಾಗಿದೆ, ಮತ್ತೆ ಪ್ರಯತ್ನಿಸಿ” ಅಂತ ಹೇಳಿ ಜಾರಿಕೊಳ್ಳಲ್ಲ.

ಹಾಗಾದ್ರೆ ಆ ಫೈಲ್ ಯಾಕಿಲ್ಲ? ಅಸಲಿ ಪ್ರಶ್ನೆ ಇದು. ವೈಫೈ ಕಾರ್ಡಿನೊಳಗೂ ಒಂದು ಪುಟ್ಟ ಪ್ರೊಸೆಸರ್ ಇರತ್ತೆ, ಅದನ್ನ ನಡೆಸೋ ಪ್ರೋಗ್ರಾಮೇ ಫರ್ಮ್‌ವೇರ್. ಎಷ್ಟೋ ಕಾರ್ಡುಗಳಿಗೆ ಕಂಪ್ಯೂಟರ್ ಆನ್ ಆದಾಗಲೆಲ್ಲ ಡ್ರೈವರ್ರೇ ಇದನ್ನ ತುಂಬಿಸಬೇಕು. ಬರೆದವರು ಚಿಪ್ ಕಂಪನಿಯವರು. ಅವರು ಹಂಚೋಕೆ ಒಪ್ಪಿದ್ರೆ ಲಿನಕ್ಸ್ ಜೊತೆಗೇ ಬರತ್ತೆ, ಒಪ್ಪದಿದ್ರೆ ಇಲ್ಲ.

ಬ್ರಾಡ್‌ಕಾಮ್ ಕತೆ ಕೇಳಿ. 2000ದ ದಶಕದಲ್ಲಿ ಆ ಕಂಪನಿ ತನ್ನ ವೈಫೈ ಚಿಪ್‌ಗಳ ವಿವರವನ್ನ ಲಿನಕ್ಸ್ ಬರೆಯೋರಿಗೆ ಕೊಡಲಿಲ್ಲ. ಆಗ ಸ್ವಯಂಸೇವಕರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರನ್ನ ಬಿಚ್ಚಿ, ಚಿಪ್ ಹೇಗೆ ನಡೆದುಕೊಳ್ಳತ್ತೆ ಅಂತ ಟಿಪ್ಪಣಿ ಬರೆದಿಟ್ಟಿತು. ಇನ್ನೊಂದು ಗುಂಪು ಆ ಡ್ರೈವರ್ ಕಡೆ ಕಣ್ಣೆತ್ತಿಯೂ ನೋಡದೆ, ಬರೀ ಟಿಪ್ಪಣಿ ಓದಿಕೊಂಡು ಹೊಸ ಡ್ರೈವರ್ ಬರೀತು. ಕಾನೂನಿನ ಮೈಲಿಗೆ ತಾಗಬಾರದು ಅಂತ ಇಷ್ಟೆಲ್ಲಾ ಮಡಿ! 2006ರಲ್ಲಿ ಅದು ಲಿನಕ್ಸ್ 2.6.17ರ ಒಳಗೆ ಬಂತು. ಡ್ರೈವರೇನೋ ಸಿಕ್ಕಿತು, ಆದರೆ ಫರ್ಮ್‌ವೇರ್ ಹಂಚೋಕೆ ಅನುಮತಿ ಇರಲಿಲ್ಲ. ಬಳಸೋರು ತಾವೇ ಕಂಪನಿಯ ಡ್ರೈವರ್ ಇಳಿಸಿಕೊಂಡು, ‘ಬಿ43-ಎಫ್‌ಡಬ್ಲ್ಯುಕಟರ್’ ಅನ್ನೋ ಕತ್ತರಿ ಹಿಡಿದು ಅದರೊಳಗಿಂದ ಫರ್ಮ್‌ವೇರ್ ಕತ್ತರಿಸಿಕೊಳ್ಳಬೇಕು. ಇಳಿಸೋಕೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ವೈಫೈ ಬೇಕು, ವೈಫೈಗೆ ಆ ಫೈಲ್ ಬೇಕು. ಮದುವೆ ಆಗದ ಹೊರತು ಹುಚ್ಚು ಬಿಡಲ್ಲ, ಹುಚ್ಚು ಬಿಡದ ಹೊರತು ಮದುವೆ ಆಗಲ್ಲ!

“ಕಂಪನಿ ಗುಟ್ಟು ಕಾಪಾಡಿಕೊಳ್ಳಬೇಡ್ವಾ? ರೇಡಿಯೋ ಕಾನೂನು ಬೇರೆ ಇದೆ, ಯಾರೋ ಕೋಡ್ ತಿದ್ದಿ ಪವರ್ ಜಾಸ್ತಿ ಮಾಡಿದ್ರೆ?” ಅಂತೀರಾ. ನ್ಯಾಯವಾದ ಪ್ರಶ್ನೆಯೇ. ಆದರೆ ಅಥೆರಾಸ್ 2008ರಲ್ಲೇ ‘ಎಟಿಎಚ್9ಕೆ’ ಡ್ರೈವರನ್ನ ಮೂಲಕೋಡ್ ಸಮೇತ ಕೊಟ್ಟಿತು, ಅದರ ಕಾರ್ಡುಗಳಿಗೆ ಫರ್ಮ್‌ವೇರ್ ಫೈಲನ್ನ ತುಂಬಿಸೋ ಗೋಜೇ ಇಲ್ಲ. ಯಾವ ದೇಶದಲ್ಲಿ ಯಾವ ಚಾನೆಲ್, ಎಷ್ಟು ಪವರ್ ಅನ್ನೋ ಪಟ್ಟಿ ಲಿನಕ್ಸ್ ಜೊತೆಗೇ ಇದೆ. 2010ರ ಸೆಪ್ಟೆಂಬರಿನಲ್ಲಿ ಖುದ್ದು ಬ್ರಾಡ್‌ಕಾಮೇ ತನ್ನ ಹೊಸ ಚಿಪ್‌ಗಳಿಗೆ ತೆರೆದ ಡ್ರೈವರ್ ಬಿಡುಗಡೆ ಮಾಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಓಪನ್‌ಬಿಎಸ್‌ಡಿಯ ತಿಯೋ ಡಿ ರಾಟ್ ವರ್ಷಗಟ್ಟಲೆ ಕೇಳಿಕೊಂಡು ಬಂದಿದ್ದೂ ದೊಡ್ಡದೇನಲ್ಲ: ಚಿಪ್ ಬಳಸೋ ದಾಖಲೆ ಕೊಡಿ, ಫರ್ಮ್‌ವೇರ್ ಹಂಚೋಕೆ ಬಿಡಿ, ಗುಟ್ಟು ಕಾಯೋ ಕರಾರಿಗೆ ಸಹಿ ಮಾತ್ರ ಕೇಳಬೇಡಿ. ಕೊನೇಪಕ್ಷ ಎರಡನೇದಾದ್ರೂ ಕೊಡಿ ಸ್ವಾಮಿ. ದುಡ್ಡು ಕೊಟ್ಟು ತಗೊಂಡ ಕಾರ್ಡ್ ನಡೆಸೋಕೆ ಬೇಕಾದ ಫೈಲನ್ನ ಒಬ್ಬರಿಂದೊಬ್ಬರಿಗೆ ಕೊಡಬಾರದು ಅನ್ನೋದರಿಂದ ಯಾವ ಗುಟ್ಟು ಉಳಿಯತ್ತೆ?

ಲ್ಯಾಪ್‌ಟಾಪ್ ಮಾರೋರು ಇನ್ನೂ ಒಂದು ಹೆಜ್ಜೆ ಮುಂದೆ. ನನ್ನ ಹಳೇ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ತೆಗೆದು, ಲಿನಕ್ಸಲ್ಲಿ ಚೆನ್ನಾಗಿ ನಡೆಯೋ ಬೇರೆ ಕಾರ್ಡ್ ಹಾಕಿದೆ. ಎರಡು ಸ್ಕ್ರೂ, ಎರಡು ಆಂಟೆನಾ ವೈರು, ಅಷ್ಟೇ ಕೆಲಸ. ಆನ್ ಮಾಡಿದ್ರೆ ಬಯೋಸ್ ಹಟ ಹಿಡೀತು: ಅನುಮತಿ ಇಲ್ಲದ ಕಾರ್ಡ್, ತೆಗೀರಿ. ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡ್ರೆ ಮುಂದಕ್ಕೇ ಹೋಗಲ್ಲ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ.

“ಸರ್, ನಾವು ಲಿನಕ್ಸ್‌ಗೆ ಸಪೋರ್ಟ್ ಕೊಡಲ್ಲ.”

“ಲಿನಕ್ಸ್ ಇನ್ನೂ ಶುರುವೇ ಆಗಿಲ್ಲ ಸರ್. ನಿಮ್ಮ ಬಯೋಸೇ ತಡೀತಾ ಇದೆ.”

“ಅದೇ ಸರ್, ಲಿನಕ್ಸ್‌ಗೆ ಸಪೋರ್ಟ್ ಇಲ್ಲ.”

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವರ ಮುಂದಿರೋ ಹಾಳೆಯಲ್ಲಿ ಅಷ್ಟೇ ಬರೆದಿರತ್ತೆ. ಆದರೆ ಆ ಒಂದು ವಾಕ್ಯ ಎಷ್ಟು ಅನುಕೂಲದ್ದು ನೋಡಿ. ಮುಚ್ಚಿಟ್ಟ ದಾಖಲೆ, ಬಯೋಸಿನ ಬೀಗ, ಎಲ್ಲಾ ಅದರ ಹಿಂದೆ ಅಡಗಿಕೊಳ್ಳತ್ತೆ.

ನಮ್ಮ ಕಡೆಯೋರೂ ಸಾಚಾ ಅಲ್ಲ ಬಿಡಿ. ಫರ್ಮ್‌ವೇರ್ ಮುಕ್ತ ತಂತ್ರಾಂಶ ಅಲ್ಲ ಅಂತ ಡೆಬಿಯನ್ ಅದನ್ನ ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ವರ್ಷಾನುಗಟ್ಟಲೆ ಹೊರಗಿಟ್ಟಿತ್ತು. ತತ್ವ ದೊಡ್ಡದೇ. ಆದರೆ ಮೊದಲ ಸಲ ಲಿನಕ್ಸ್ ಹಾಕೋಕೆ ಕೂತ ಹುಡುಗಿಗೆ ಕಂಡಿದ್ದು ತತ್ವ ಅಲ್ಲ, ಖಾಲಿ ನೆಟ್‌ವರ್ಕ್ ಪಟ್ಟಿ. 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ಮನಸ್ಸು ಬದಲಾಯಿಸಿದರು. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಲ್ಲಿ, ಹಂಚೋಕೆ ಅನುಮತಿ ಇರೋ ಫರ್ಮ್‌ವೇರ್ ಇನ್‌ಸ್ಟಾಲರಿನಲ್ಲೇ ಇದೆ. ಅನುಮತಿ ಇಲ್ಲದ್ದು ಈಗಲೂ ಇಲ್ಲ, ಇರೋಕೂ ಆಗಲ್ಲ. ಚೆಂಡು ಪೂರ್ತಿಯಾಗಿ ಕಂಪನಿಗಳ ಅಂಗಳದಲ್ಲಿದೆ.

ಈ ಮಾತನ್ನ ಬೆಂಗಳೂರಲ್ಲಿ ಕೂತು ಆಡೋದಕ್ಕೆ ಕಾರಣ ಇದೆ. ಇಂಟೆಲ್, ಬ್ರಾಡ್‌ಕಾಮ್, ಕ್ವಾಲ್ಕಾಮ್ ಮೂವರದ್ದೂ ಇಲ್ಲಿ ದೊಡ್ಡ ಆಫೀಸುಗಳಿವೆ. ಚಿಪ್ಪಿನ ಕೆಲಸ ಮಾಡೋರು ನಮ್ಮ ಕ್ಲಾಸ್‌ಮೇಟುಗಳು, ನಮ್ಮ ಫ್ಲಾಟಿನ ಎದುರು ಮನೆಯೋರು. ಅವರಿಗೆ ಇದನ್ನ ಕೇಳಬೇಕಾದ ನಾವೇ “ಲಿನಕ್ಸ್ ಅಂದ್ರೆ ಹಂಗೇ” ಅಂತ ಕೈ ತೊಳ್ಕೊಂಡ್ರೆ, ಯಾವ ಕಂಪನಿಗೆ ಏನು ದರ್ದು? ಕೈಬಿಟ್ಟ ಲ್ಯಾಪ್‌ಟಾಪುಗಳಿಗೆ ಇದೇ ಕೊನೇ ಏಟು. ಹೊಸ ವಿಂಡೋಸ್ ತಡೆಯಲ್ಲ, ಲಿನಕ್ಸ್ ಹಾಕಿದ್ರೆ ವೈಫೈ ಇಲ್ಲ, ಕಡೆಗೆ ಗುಜರಿ. ಆ ಮಿಷನ್ ಊರಲ್ಲಿರೋ ತಮ್ಮನಿಗೋ ಒಂದು ಶಾಲೆಗೋ ಇನ್ನೂ ಐದು ವರ್ಷ ಬರ್ತಿತ್ತು.

ಸದ್ಯಕ್ಕೆ ಸಿಕ್ಕಿಹಾಕಿಕೊಂಡಿದ್ರೆ ಆಂಡ್ರಾಯ್ಡ್ ಫೋನನ್ನ ಕೇಬಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಲಿನಕ್ಸ್ ಅದನ್ನ ತಕ್ಷಣ ಗುರುತು ಹಿಡಿಯತ್ತೆ, ಬೇಕಾದ ಫೈಲ್ ಇಳಿಸಿಕೊಳ್ಳಬಹುದು. ಮುಂದಿನ ಸಲ ಕೊಳ್ಳೋಕೆ ಹೋದಾಗ ಮಾತ್ರ ಸುಮ್ನಿರಬೇಡಿ. ಡಬ್ಬದ ಮೇಲೆ ಪ್ರೊಸೆಸರ್, ರ‍್ಯಾಮ್ ಎಲ್ಲಾ ಇರತ್ತೆ, ವೈಫೈ ಚಿಪ್ ಹೆಸರು ಹುಡುಕಿದ್ರೂ ಸಿಗೋದು ಕಷ್ಟ. ಒಂದೇ ಮಾಡೆಲ್ಲಿನಲ್ಲೂ ಬೇರೆಬೇರೆ ಕಾರ್ಡ್ ಇರೋದುಂಟು, ಹಾಗಾಗಿ ಮಾಡೆಲ್ ನಂಬರ್ ನಂಬ್ಕೊಂಡು ಕೂರೋ ಹಾಗಿಲ್ಲ. ಪೆನ್‌ಡ್ರೈವಿನಲ್ಲಿ ಲೈವ್ ಲಿನಕ್ಸ್ ತಗೊಂಡು ಹೋಗಿ, ಅಂಗಡಿಯಲ್ಲೇ ಬೂಟ್ ಮಾಡಿಸಿ, ‘ಎಲ್‌ಎಸ್‌ಪಿಸಿಐ’ ಓದಿ. ಬಿಡಲ್ಲ ಅಂದ್ರೆ ಪಕ್ಕದ ಅಂಗಡಿ. ಕಾಲು ಕೇಜಿ ಬದನೆಕಾಯನ್ನೂ ತಿರುಗಿಸಿ ಮುರುಗಿಸಿ ನೋಡಿ ಚೀಲಕ್ಕೆ ಹಾಕೋ ಜನ ನಾವು. ಅರವತ್ತು ಸಾವಿರದ ಡಬ್ಬದೊಳಗೆ ಏನಿದೆ ಅಂತ ಕೇಳೋಕೆ ನಾಚಿಕೆ ಯಾಕೆ?