ಅಡಿಗೆಮನೆ ಕಿಟಕಿ: ಹಂದಿಗೆ ಹಾಕಿದ ಗೋಧಿ

ಕಳೆದ ಯುಗಾದಿಗೆ ಇಲ್ಲಿ ಮಿನಿಸೋಟದ ನಮ್ಮ ಮನೆಯಲ್ಲಿ ಹುಗ್ಗಿ ಮಾಡಿದ್ದೆ. ಊರಿಂದ ತಂದಿದ್ದ ಜವೆ ಗೋಧಿ ಮುಗಿದಿತ್ತು. ಅಂಗಡಿಯಲ್ಲಿ 'ಎಮ್ಮರ್' ಎಂದು ಮಾರುವುದೂ ಅದೇ ಜಾತಿಯ ಗೋಧಿ. ರಾತ್ರಿ ನೆನೆಸಿ, ಬೇಯಿಸಿ, ಬೆಲ್ಲ, ಒಣಕೊಬ್ಬರಿ, ಗಸಗಸೆ ಎಲ್ಲ ಹಾಕಿದೆ. ಊಟಕ್ಕೆ ಕರೆದಿದ್ದ ಪಕ್ಕದ ಮನೆಯ ಹಿರಿಯರು ದಕೋಟದ ರೈತ ಮನೆತನದವರು. ಪ್ಯಾಕೆಟ್ ನೋಡಿ, "ಇದನ್ನು ನಮ್ಮ ಅಜ್ಜ ಹಂದಿಗೆ ಹಾಕುತ್ತಿದ್ದರು!" ಎಂದು ನಕ್ಕರು.

ಬೆಳಗಾವಿ ಕಡೆಯವಳಾದ ನನಗೆ ಚುರುಕ್ಕೆಂದಿತು. ನಮ್ಮಲ್ಲಿ ಅದು ಹಬ್ಬದ ಊಟ ಕಣ್ರೀ!

ಆಮೇಲೆ ಓದಿದರೆ, ಅಜ್ಜನದೇನೂ ತಪ್ಪಿಲ್ಲ. ರಷ್ಯಾದಿಂದ ಬಂದ ಜರ್ಮನ್ ವಲಸಿಗರ ಜೊತೆ ಎಮ್ಮರ್ ದಕೋಟಕ್ಕೆ ಬಂತು. 1901ರಲ್ಲಿ ಕೃಷಿ ಇಲಾಖೆಯ ಮಾರ್ಕ್ ಕಾರ್ಲ್‌ಟನ್, ಮಳೆ ಕಡಿಮೆ ಇರುವ ಸೀಮೆಗೆ ಇದು ತಕ್ಕ ಬೆಳೆಯೆಂದು ರೈತರಿಗಾಗಿ ಕಿರುಪುಸ್ತಕವನ್ನೇ ಬರೆದರು. ತೊಂದರೆ ಒಂದೇ, ಒಕ್ಕಿದರೂ ಕಾಳು ಹೊಟ್ಟು ಬಿಡುವುದಿಲ್ಲ. ನಮ್ಮ ಅಜ್ಜಿಯರು ನೀರು ಚಿಮುಕಿಸಿ ಒರಳಲ್ಲಿ ಕುಟ್ಟುತ್ತಿದ್ದರು. ಇಲ್ಲಿ ಕುಟ್ಟುವವರು ಯಾರು? ಓಟ್ಸ್ ಹಾಕಿದ ಹಾಗೆ ಹೊಟ್ಟಿನ ಸಮೇತ ದನ, ಹಂದಿಗಳಿಗೆ ಹಾಕಿದರು.

ಆದರೆ ಈ ಮೇವಿನ ಗೋಧಿಗೆ ತುಕ್ಕುರೋಗ ಸುಲಭವಾಗಿ ತಗಲುತ್ತಿರಲಿಲ್ಲ. ರೋಗ ಬಂದು ದಕೋಟದ ಬ್ರೆಡ್ಡಿನ ಗೋಧಿ ಹಾಳಾದ 1916ರಲ್ಲಿ, ದಕ್ಷಿಣ ದಕೋಟದ ಎಡ್ಗರ್ ಮ್ಯಾಕ್‌ಫ್ಯಾಡನ್ ಎಂಬ ಯುವಕ ಎಮ್ಮರನ್ನು ಅದರೊಂದಿಗೆ ಅಡ್ಡತಳಿ ಮಾಡಿದ. ಹುಟ್ಟಿದ ತಳಿಯ ಹೆಸರು 'ಹೋಪ್'. ಅದರ ನಿರೋಧಕ ಗುಣವೇ ಮುಂದೆ ನಾರ್ಮನ್ ಬೋರ್ಲಾಗರ ಮೆಕ್ಸಿಕೊ ಗೋಧಿಗೆ ಸೇರಿತು. 1960ರ ದಶಕದಲ್ಲಿ ಆ ಗೋಧಿ ಭಾರತಕ್ಕೂ ಬಂತು.

ನಮ್ಮ ಜವೆ ಗೋಧಿಯೂ ಅಷ್ಟರಲ್ಲಿ ಈ ಕಡೆ ಬಂದಾಗಿತ್ತು. ನಾವಿರುವ ಈ ಮಿನಿಸೋಟದ ವಿಶ್ವವಿದ್ಯಾಲಯದಲ್ಲೇ ಸ್ಟೇಕ್‌ಮನ್ ಮತ್ತು ಲೆವೀನ್ 1922ರಲ್ಲಿ ತುಕ್ಕಿನ ಬಗೆಗಳನ್ನು ಗುರುತಿಸಲು ಹನ್ನೆರಡು ಗೋಧಿಗಳ ಪಟ್ಟಿ ಮಾಡಿದರು. ಅದರಲ್ಲೊಂದು ಭಾರತದ 'ಖಪ್ಲಿ'. ಜವೆ ಗೋಧಿಗೆ ಮರಾಠಿಯವರು ಹೇಳುವ ಹೆಸರೇ ಅದು. ನಾನು ವೀಸಾಕ್ಕೆ ಸಾಲು ನಿಲ್ಲುವ ಎಷ್ಟೋ ವರ್ಷ ಮೊದಲೇ ನಮ್ಮೂರ ಕಡೆಯ ಕಾಳು ಇಲ್ಲಿ ನೌಕರಿಗೆ ಸೇರಿತ್ತು!

ಇಷ್ಟನ್ನೂ ಹೇಳೋಣವೆಂದು ಊರಿಗೆ ಫೋನ್ ಮಾಡಿದರೆ, ಅಣ್ಣ ಎರಡು ವರ್ಷದಿಂದ ಜವೆ ಗೋಧಿ ಬಿತ್ತಿಲ್ಲವಂತೆ. "ಬೆಳಿಬೋದು ತಂಗಿ, ಕುಟ್ಟಾವ್ರು ಯಾರದಾರ ಹೇಳು?" ಎಂದ. ಅತ್ತಿಗೆಗೆ ಮೊಣಕಾಲು ನೋವು, ಅವ್ವನಿಗೆ ಆಗುವುದಿಲ್ಲ. ಬೀಜಕ್ಕೆಂದು ಇಟ್ಟಿದ್ದ ಒಂದು ಚೀಲ ಉಳಿದಿತ್ತಲ್ಲ ಎಂದು ಕೇಳಿದೆ.

"ಎಮ್ಮಿಗೆ ಹಾಕಿದ್ವಿ," ಎಂದ.